‘ದಿನಾ ಮಾಡ್ತೀನಿ’, ‘ನಾಳೆ ಮಾಡ್ತೀನಿ’: ವಿಲ್ ಎಲ್ಲಿ ಬೇಕು, ಎಲ್ಲಿ ಬೇಡ?

ಇವತ್ತಿನ ವಿಷಯ ಸಿಂಪಲ್ ಫ್ಯೂಚರ್ ಟೆನ್ಸ್, ಅಂದ್ರೆ ಸಾಮಾನ್ಯ ಭವಿಷ್ಯತ್ ಕಾಲ. ‘ಇದನ್ನ ಸ್ಕೂಲಲ್ಲೇ ಓದಿದ್ದೀವಲ್ಲ’ ಅಂತ ನೀವು ಅನ್ನಬಹುದು. ಓದಿದ್ದೀವಿ, ನಿಜ. ಆದ್ರೆ ಪುಣೆ, ಹೈದರಾಬಾದ್, ಚೆನ್ನೈ ಆಫೀಸುಗಳಲ್ಲಿ ಕ್ಲೈಂಟ್ ಕಾಲ್‌ಗೆ ಕೂತಾಗ ನಮ್ಮವರಿಗೆ ತೊಂದರೆ ಕೊಡೋದು ದೊಡ್ಡ ದೊಡ್ಡ ಪದಗಳಲ್ಲ, ಈ ಪುಟ್ಟ ‘ವಿಲ್’.

ಒಂದು ಉದಾಹರಣೆ ನೋಡೋಣ. ಕ್ಲೈಂಟ್ ಕೇಳ್ತಾರೆ, ‘ಡು ಯೂ ಟೇಕ್ ಬ್ಯಾಕಪ್ಸ್?’ ನಮ್ಮ ಕಡೆಯ ಹುಡುಗ ಹೇಳ್ತಾನೆ, ‘ಯೆಸ್, ಡೈಲಿ ಐ ವಿಲ್ ಟೇಕ್ ಬ್ಯಾಕಪ್.’ ಅವನ ಮನಸ್ಸಲ್ಲಿರೋದು ‘ಹೌದು, ದಿನಾ ತಗೊಳ್ತೀನಿ’ ಅಂತ. ಆದ್ರೆ ಆ ಕಡೆ ಕೂತಿರೋರ ಕಿವಿಗೆ ಬೀಳೋದು ‘ಇನ್ಮೇಲೆ ದಿನಾ ತಗೊಳ್ತೀನಿ’ ಅಂತ. ಹಾಗಾದ್ರೆ ಇಷ್ಟು ದಿನ ತಗೊಂಡಿರ್ಲಿಲ್ವಾ? ಮಾಡಿದ ಕೆಲಸ ಸರಿಯಾಗೇ ಇದೆ, ಒಂದು ‘ವಿಲ್’ನಿಂದ ಅನುಮಾನ ಹುಟ್ಟಿತು. ಹೇಳಬೇಕಾಗಿದ್ದು ಇಷ್ಟೇ: ‘ಯೆಸ್, ಐ ಟೇಕ್ ಎ ಬ್ಯಾಕಪ್ ಎವ್ರಿ ಡೇ.’

ನಮಗೇ ಯಾಕೆ ಹೀಗಾಗುತ್ತೆ? ಕಾರಣ ನಮ್ಮ ಭಾಷೆಯಲ್ಲೇ ಇದೆ. ಪುಸ್ತಕದ ವ್ಯಾಕರಣದಲ್ಲಿ ‘ಮಾಡುತ್ತೇನೆ’ ವರ್ತಮಾನ, ‘ಮಾಡುವೆನು’ ಭವಿಷ್ಯತ್. ಆದ್ರೆ ಮನೇಲಿ ‘ಮಾಡುವೆನು’ ಅಂತ ಯಾರು ಮಾತಾಡ್ತಾರೆ ಹೇಳಿ? ‘ದಿನಾ ಮಾಡ್ತೀನಿ’, ‘ನಾಳೆ ಮಾಡ್ತೀನಿ’ ಎರಡಕ್ಕೂ ಕ್ರಿಯಾಪದ ಒಂದೇ. ಕಾಲ ಯಾವುದು ಅಂತ ತಿಳಿಸೋದು ‘ದಿನಾ’, ‘ನಾಳೆ’ ಅನ್ನೋ ಪಕ್ಕದ ಪದ. ತೆಲುಗಿನ ‘ಚೇಸ್ತಾನು’ ಕೂಡ ಹೀಗೇ ಎರಡೂ ಕಡೆ ಓಡಾಡುತ್ತೆ. ಇಂಗ್ಲಿಷ್ ಹಾಗಲ್ಲ, ಅಭ್ಯಾಸಕ್ಕೆ ಒಂದು ರೂಪ, ಮುಂದಿನದಕ್ಕೆ ಇನ್ನೊಂದು ರೂಪ ಕೇಳುತ್ತೆ.

ಮುಂಬೈ, ಪುಣೆ, ದೆಹಲಿಯಲ್ಲಿರೋರಿಗೆ ಒಂದು ಸುಲಭ ಉಪಾಯ ಇದೆ. ಅನುಮಾನ ಬಂದಾಗ ವಾಕ್ಯವನ್ನ ಮನಸ್ಸಲ್ಲೇ ಹಿಂದಿಗೆ ಹಾಕಿ ನೋಡಿ. ‘ಕರೂಂಗಾ’ ಅಂತ ಬಂದ್ರೆ ಸಾಮಾನ್ಯವಾಗಿ ‘ವಿಲ್’ ಸರಿ. ‘ಕರ್ತಾ ಹೂಂ’ ಅಂತ ಬಂದ್ರೆ ‘ವಿಲ್’ ಬೇಡ.

ಈಗ ರಚನೆ. ‘ವಿಲ್’ ಆದ್ಮೇಲೆ ಕ್ರಿಯಾಪದದ ಮೂಲ ರೂಪ ಮಾತ್ರ. ‘ಶೀ ವಿಲ್ ಸೆಂಡ್’ ಸರಿ. ‘ವಿಲ್ ಸೆಂಡ್ಸ್’, ‘ವಿಲ್ ಸೆಂಟ್’, ‘ವಿಲ್ ಟು ಸೆಂಡ್’ ಯಾವುದೂ ಇಲ್ಲ. ನಾನು, ನೀನು, ಅವಳು, ಅವರು ಎಲ್ಲರಿಗೂ ಒಂದೇ ‘ವಿಲ್’. ಪ್ರಶ್ನೆಗೆ ಅದನ್ನ ಮುಂದೆ ತನ್ನಿ: ‘ವಿಲ್ ಶೀ ಸೆಂಡ್ ಇಟ್?’ ಇಲ್ಲ ಅನ್ನೋಕೆ ‘ವಿಲ್ ನಾಟ್’, ಮಾತಿನಲ್ಲಿ ‘ವೋಂಟ್’. ‘ವೋಂಟ್’ ಹೇಳುವಾಗ ‘ಓ’ಕಾರ ಸ್ವಲ್ಪ ಎಳೀರಿ, ಇಲ್ಲಾಂದ್ರೆ ‘ವಾಂಟ್’ ಅಂತ ಕೇಳಿಸಿ ಅರ್ಥ ಉಲ್ಟಾ ಆಗುತ್ತೆ. ಲೈನ್ ಸರಿಯಿಲ್ಲದಿದ್ರೆ ‘ವಿಲ್ ನಾಟ್’ ಅಂತ ಬಿಡಿಸಿ ಹೇಳೋದೇ ವಾಸಿ.

ಕನ್ನಡಿಗರು ಗಮನಿಸಬೇಕಾದ ಐದು ಜಾಗ ಹೇಳ್ತೀನಿ.

1. ಅಭ್ಯಾಸಕ್ಕೆ ‘ವಿಲ್’ ಬೇಡ. ‘ಐ ವಿಲ್ ಗೋ ಬೈ ಬಸ್ ಡೈಲಿ’ ಅಲ್ಲ, ‘ಐ ಗೋ ಬೈ ಬಸ್ ಎವ್ರಿ ಡೇ.’ ಇಂಗ್ಲಿಷಿನವರು ಯಾರದ್ದಾದ್ರೂ ಸ್ವಭಾವ ವರ್ಣಿಸುವಾಗ ‘ವಿಲ್’ ಹಾಕೋದುಂಟು. ಆಫೀಸಿನ ಉತ್ತರಕ್ಕೆ ಆ ಬಳಕೆ ಬೇಡ.

2. ‘ಬಿ’ ಮರೀಬೇಡಿ. ಕನ್ನಡದಲ್ಲಿ ‘ನಾಳೆ ನಾನು ಬ್ಯುಸಿ’ ಅಂದ್ರೆ ವಾಕ್ಯ ಪೂರ್ತಿ ಆಯ್ತು. ಇಂಗ್ಲಿಷಲ್ಲಿ ‘ಐ ವಿಲ್ ಬ್ಯುಸಿ’ ನಡೆಯಲ್ಲ, ‘ಐ ವಿಲ್ ಬಿ ಬ್ಯುಸಿ ಟುಮಾರೋ’ ಅನ್ನಬೇಕು.

3. ‘ವಿಲ್’ ಪಕ್ಕ ‘ಕ್ಯಾನ್’ ಕೂರಲ್ಲ. ‘ನಾಳೆ ಮಾಡೋಕಾಗುತ್ತೆ’ ಅನ್ನೋಕೆ ‘ಐ ವಿಲ್ ಬಿ ಏಬಲ್ ಟು ಡೂ ಇಟ್ ಟುಮಾರೋ.’

4. ‘ಇಫ್’, ‘ವೆನ್’, ‘ಆಸ್ ಸೂನ್ ಆಸ್’ ಜೊತೆ ಬರೋ ಭಾಗದಲ್ಲಿ ‘ವಿಲ್’ ಇಲ್ಲ. ‘ವೆನ್ ಐ ವಿಲ್ ರೀಚ್, ಐ ವಿಲ್ ಕಾಲ್’ ಅಲ್ಲ, ‘ವೆನ್ ಐ ರೀಚ್, ಐ ವಿಲ್ ಕಾಲ್.’ ಎರಡು ಭಾಗಕ್ಕೂ ಸೇರಿ ಒಂದೇ ‘ವಿಲ್’.

5. ಈಗ ತಾನೇ ನಿರ್ಧಾರ ಮಾಡಿದ್ರೆ ‘ವಿಲ್’, ಮೊದಲೇ ತೀರ್ಮಾನ ಆಗಿದ್ರೆ ‘ಗೋಯಿಂಗ್ ಟು’. ಮೀಟಿಂಗಲ್ಲಿ ‘ಇದನ್ನ ಯಾರು ನೋಡ್ತೀರಾ?’ ಅಂದಾಗ ಕೈ ಎತ್ತಿ ‘ಐ ವಿಲ್ ಟೇಕ್ ಇಟ್’ ಅನ್ನಿ. ಊರಿಗೆ ಟಿಕೆಟ್ ಬುಕ್ ಆಗಿದ್ರೆ ‘ಐ ಆಮ್ ಗೋಯಿಂಗ್ ಟು ವಿಸಿಟ್ ಮೈ ಪೇರೆಂಟ್ಸ್.’

ಇದರ ಜೊತೆ ಇನ್ನೊಂದು ಮಾತು. ಕೆಲಸದ ಜಾಗದಲ್ಲಿ ‘ಐ ವಿಲ್’ ಅಂದ್ರೆ ಬರೀ ಕಾಲ ಅಲ್ಲ, ಕೊಟ್ಟ ಮಾತು. ‘ಐ ವಿಲ್ ಫಿನಿಶ್ ಇಟ್ ಬೈ ಫ್ರೈಡೇ’ ಅಂದ್ರೆ ಶುಕ್ರವಾರದೊಳಗೆ ಕೈಗೆ ಬರುತ್ತೆ ಅಂತ ಬರೆದುಕೊಳ್ತಾರೆ. ಇಲ್ಲಿ ‘ಬೈ’ ಬದಲು ‘ಟಿಲ್’ ಹಾಕಬೇಡಿ, ‘ಟಿಲ್ ಫ್ರೈಡೇ’ ಅಂದ್ರೆ ಶುಕ್ರವಾರದವರೆಗೂ ನಡೀತಾನೇ ಇರುತ್ತೆ ಅಂತ. ನಾವು ಊರಲ್ಲಿ ದಾಕ್ಷಿಣ್ಯಕ್ಕೆ ‘ಆಯ್ತು, ಮಾಡ್ತೀನಿ’ ಅಂದುಬಿಡ್ತೀವಿ, ಎದುರಿನವರಿಗೂ ಅದು ಅರ್ಥ ಆಗಿರುತ್ತೆ. ಇಂಗ್ಲಿಷಿನ ‘ಐ ವಿಲ್’ ಒಳಗೆ ಆ ದಾಕ್ಷಿಣ್ಯ ಕೇಳಿಸಲ್ಲ. ಖಚಿತ ಇಲ್ಲದಿದ್ರೆ ‘ಐ ವಿಲ್ ಚೆಕ್ ಅಂಡ್ ಕನ್‌ಫರ್ಮ್ ಬೈ ಫೋರ್ ಓ ಕ್ಲಾಕ್’ ಅನ್ನಿ. ನಾಲ್ಕು ಗಂಟೆಗೆ ಕನ್‌ಫರ್ಮ್ ಮಾಡೋದು ನಿಮ್ಮ ಕೈಯಲ್ಲೇ ಇದೆ, ಆ ಮಾತು ಉಳಿಸ್ಕೋಬಹುದು.

ಈಗ ಅಭ್ಯಾಸ. ಕೆಳಗಿನ ಉತ್ತರ ಮುಚ್ಚಿಟ್ಟು, ಈ ವಾಕ್ಯಗಳನ್ನ ಜೋರಾಗಿ ಇಂಗ್ಲಿಷಲ್ಲಿ ಹೇಳಿ.

1. ನಾನು ದಿನಾ ಮೆಟ್ರೋದಲ್ಲಿ ಹೋಗ್ತೀನಿ.
2. ಸರಿ, ಈಗಲೇ ಅವರಿಗೆ ಮೇಲ್ ಕಳಿಸ್ತೀನಿ.
3. ಅವಳು ಶನಿವಾರದ ದಿನ ಕೆಲಸ ಮಾಡಲ್ಲ, ಯಾವಾಗ್ಲೂ.
4. ಅವಳು ನಾಳೆ ಬರಲ್ಲ.
5. ಸೋಮವಾರ ನಾನು ರಜೆ.
6. ಅವರು ಕೋಡ್ ಕಳಿಸಿದ ತಕ್ಷಣ ಟೆಸ್ಟ್ ಮಾಡ್ತೀನಿ.
7. ಶುಕ್ರವಾರದೊಳಗೆ ಮುಗಿಸೋಕೆ ನಮಗೆ ಆಗಲ್ಲ.

ಉತ್ತರಗಳು:

1. ಐ ಗೋ ಬೈ ಮೆಟ್ರೋ ಎವ್ರಿ ಡೇ.
2. ಓಕೆ, ಐ ವಿಲ್ ಸೆಂಡ್ ದೆಮ್ ಎ ಮೇಲ್ ನೌ.
3. ಶೀ ಡಸಂಟ್ ವರ್ಕ್ ಆನ್ ಸ್ಯಾಟರ್ಡೇಸ್.
4. ಶೀ ವೋಂಟ್ ಕಮ್ ಟುಮಾರೋ.
5. ಐ ವಿಲ್ ಬಿ ಆನ್ ಲೀವ್ ಆನ್ ಮಂಡೇ.
6. ಐ ವಿಲ್ ಟೆಸ್ಟ್ ಇಟ್ ಆಸ್ ಸೂನ್ ಆಸ್ ದೇ ಸೆಂಡ್ ದ ಕೋಡ್.
7. ವಿ ವೋಂಟ್ ಬಿ ಏಬಲ್ ಟು ಫಿನಿಶ್ ಇಟ್ ಬೈ ಫ್ರೈಡೇ.

ಮೂರನೇದು, ನಾಲ್ಕನೇದು ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ‘ಮಾಡಲ್ಲ’, ‘ಬರಲ್ಲ’ ಎರಡರ ಅಚ್ಚೂ ಒಂದೇ. ಇಂಗ್ಲಿಷಲ್ಲಿ ಒಂದು ‘ಡಸಂಟ್’, ಇನ್ನೊಂದು ‘ವೋಂಟ್’. ‘ಇಲ್ಲ’ ಅನ್ನುವಾಗಲೂ ಎಚ್ಚರ ಬೇಕು ಅನ್ನೋದು ಇದಕ್ಕೇ.

ನಾಳೆಯಿಂದ ಒಂದು ವಾರ ಹೀಗೆ ಮಾಡಿ. ಲೋಕಲ್ ಟ್ರೈನೋ ಕ್ಯಾಬೋ, ಆಫೀಸಿಗೆ ಹೋಗೋ ದಾರೀಲಿ ಮೂರೇ ವಾಕ್ಯ ಮನಸ್ಸಲ್ಲಿ ಕಟ್ಟಿ. ಒಂದು ದಿನಾ ಮಾಡೋ ಕೆಲಸ, ಒಂದು ಮೊದಲೇ ತೀರ್ಮಾನ ಆಗಿರೋದು, ಒಂದು ಇವತ್ತು ಸ್ಟ್ಯಾಂಡಪ್‌ನಲ್ಲಿ ಕೊಡೋ ಮಾತು. ‘ಐ ಚೆಕ್’, ‘ಐ ಆಮ್ ಗೋಯಿಂಗ್ ಟು ಚೆಕ್’, ‘ಐ ವಿಲ್ ಚೆಕ್’. ಸಂಜೆ ಮನೆಗೆ ಬಂದು ಆ ಮೂರನ್ನೂ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿಸ್ಕೊಳ್ಳಿ. ಐದು ನಿಮಿಷ ಸಾಕು. ಏಳು ದಿನಕ್ಕೆ ನಿಮ್ಮದೇ ಕೆಲಸದ 21 ವಾಕ್ಯ ಸಿದ್ಧ ಆಗುತ್ತೆ. ಪುಸ್ತಕದ ‘ರಾಮ ವಿಲ್ ಗೋ ಟು ಸ್ಕೂಲ್’ಗಿಂತ ಅವು ನಿಮಗೆ ಬೇಗ ಒದಗಿ ಬರ್ತವೆ.

ಮುಂದಿನ ಸಲ ‘ವಿಲ್ ಹ್ಯಾವ್ ಡನ್’, ಅಂದ್ರೆ ‘ಅಷ್ಟೊತ್ತಿಗೆ ಮಾಡಿ ಮುಗಿಸಿರ್ತೀನಿ’ ಅನ್ನೋದನ್ನ ನೋಡೋಣ. ಅಲ್ಲಿವರೆಗೆ ಅಭ್ಯಾಸ ಬಿಡಬೇಡಿ.