ಟೆರೇಸಿನಿಂದ ಟಿವಿ ಮೇಜಿಗೆ: ಪುಟ್ಟ ಸ್ವಿಚ್ಚು ಬಂದ ದಾರಿ

ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರಸ್ತೆ. ದಾಖಲೆಯಲ್ಲಿ ಅದು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನ ಹೆಸರನ್ನು ಮಾತ್ರ ವ್ಯಾಪಾರಿಗಳೂ ಬಿಟ್ಟಿಲ್ಲ, ಗಿರಾಕಿಗಳೂ ಬಿಟ್ಟಿಲ್ಲ. ಇಲ್ಲಿನ ಅಂಗಡಿಯಲ್ಲಿ ‘ಗಿಗಾ ಸ್ವಿಚ್, ಪಾಂಚ್ ಪೋರ್ಟ್’ ಎಂದು ಕೇಳಿದರೆ ಅಂಗೈಯಗಲದ ಡಬ್ಬಿಯೊಂದು ಕೌಂಟರಿನ ಮೇಲೆ ಬರುತ್ತದೆ. ಬೆಲೆ ಸಾವಿರ ರೂಪಾಯಿಯ ಆಸುಪಾಸು. ರೌಟರಿನಿಂದ ಹೊರಟ ಒಂದು ತಂತಿಯನ್ನು ಕಂಪ್ಯೂಟರು, ಟಿವಿ, ಕ್ಯಾಮೆರಾದ ರೆಕಾರ್ಡರು ಎಂದು ನಾಲ್ಕು ಕಡೆಗೆ ಹಂಚುವುದು ಇದರ ಕೆಲಸ. ಇದರ ಪೂರ್ವಜ ಮೊದಲು ಬಂದಾಗ ಅದು ದೊಡ್ಡ ಕಚೇರಿಗಳ ಸೊತ್ತಾಗಿತ್ತು. ಮನೆಗೆ ಒಂದು ತರುವ ಯೋಚನೆ ಯಾರಿಗೂ ಬರುವಂತಿರಲಿಲ್ಲ.

ಆ ಪೂರ್ವಜನನ್ನು ಮಾಡಿದ ಕಂಪನಿಯ ಹೆಸರು ಕಲ್ಪನಾ. ಅಮೆರಿಕದ ಸಿಲಿಕಾನ್ ಕಣಿವೆಯಲ್ಲಿ ಭಾರತೀಯ ಮೂಲದ ಉದ್ಯಮಿ ವಿನೋದ್ ಭಾರದ್ವಾಜ್ 1987ರಲ್ಲಿ ಅದನ್ನು ಕಟ್ಟಿ, ಹೆಂಡತಿಯ ಹೆಸರಿಟ್ಟರು. 1990ರಲ್ಲಿ ಕಲ್ಪನಾ ಹೊರತಂದ ಏಳು ಪೋರ್ಟಿನ ‘ಈಥರ್‌ಸ್ವಿಚ್’ ಈಥರ್ನೆಟ್ ಎಂಬ, ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಪದ್ಧತಿಗೆ ಹಲವು ಪೋರ್ಟುಗಳ ಮೊದಲ ಸ್ವಿಚ್ಚು. 1994ರಲ್ಲಿ ಸಿಸ್ಕೊ ಕಂಪನಿ ಕಲ್ಪನಾವನ್ನು ಕೊಂಡಿತು. ಇವತ್ತು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಕರಿಯಾಗುವ ಪ್ರತಿಯೊಂದು ಸ್ವಿಚ್ಚೂ ಆ ಪೆಟ್ಟಿಗೆಯ ವಂಶದ್ದೇ. ನಮ್ಮವರೊಬ್ಬರ ಮನೆಯೊಡತಿಯ ಹೆಸರು ಈ ವಂಶವೃಕ್ಷದ ಬುಡದಲ್ಲಿರುವುದು ನಮ್ಮ ಮಕ್ಕಳಿಗೂ ಗೊತ್ತಿರಬೇಕೆಂದು ನನ್ನ ಆಸೆ.

ಕಲ್ಪನಾ ಬಿಡಿಸಿದ ಗಂಟು ಈಥರ್‌ಸ್ವಿಚ್ಚಿಗಿಂತ 17 ವರ್ಷ ಹಳೆಯದು. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್ಟಿನ ಕಲ್ಪನೆಯನ್ನು ಬರೆದಿಟ್ಟಾಗ ಎಲ್ಲ ಕಂಪ್ಯೂಟರುಗಳೂ ಒಂದೇ ಕೇಬಲ್ಲಿಗೆ ಜೋಡಣೆಯಾಗಬೇಕಿತ್ತು. ಮಾತಾಡಬೇಕೆಂದ ಯಂತ್ರ ಕೇಬಲ್ಲು ಸುಮ್ಮನಾಗುವ ತನಕ ಕಾಯಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಹಾಳು, ಇಬ್ಬರೂ ಸ್ವಲ್ಪ ತಡೆದು ಮತ್ತೆ ಶುರು ಮಾಡಬೇಕು. ಆಮೇಲೆ ಹಬ್ ಎಂಬ ಪೆಟ್ಟಿಗೆ ಬಂತು, ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ತಂತಿಯೂ ಬಂತು. ಆದರೆ ರೋಗ ವಾಸಿಯಾಗಲಿಲ್ಲ. ಚಾಳಿನ ಕೆಳಗಿನ ಕಿರಾಣಿ ಅಂಗಡಿಗೆ ಒಬ್ಬರಿಗೆ ಫೋನ್ ಬಂದರೆ ಸೇಠ್ ಮೂರು ಮಾಳಿಗೆಗೂ ಕೇಳುವಂತೆ ಕೂಗುತ್ತಿದ್ದನಲ್ಲ, ಹಬ್ ಮಾಡುತ್ತಿದ್ದದ್ದು ಅದನ್ನೇ. ಒಂದು ಪೋರ್ಟಿಗೆ ಬಂದದ್ದನ್ನು ಉಳಿದೆಲ್ಲ ಪೋರ್ಟುಗಳಿಗೂ ಹೇಳುತ್ತಿತ್ತು.

ಸ್ವಿಚ್ಚು ಹಾಗಲ್ಲ. ನೆಟ್‌ವರ್ಕಿಗೆ ಸೇರುವ ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ 12 ಅಂಕೆ ಅಕ್ಷರಗಳ ಒಂದು ಮ್ಯಾಕ್ ವಿಳಾಸ ಕೊಟ್ಟಿರುತ್ತಾರೆ. ಯಾವ ಪೋರ್ಟಿನಿಂದ ಯಾವ ವಿಳಾಸದ ಮಾತು ಬಂತೆಂದು ಸ್ವಿಚ್ಚು ಗುರುತು ಹಾಕಿಕೊಳ್ಳುತ್ತ ಹೋಗುತ್ತದೆ. ಎಲ್ಲರಿಗೆಂದೇ ಕಳಿಸಿದ ಮಾತು ಅಥವಾ ಗೊತ್ತಿಲ್ಲದ ವಿಳಾಸ ಬಂದರೆ ಮಾತ್ರ ಎಲ್ಲರಿಗೂ ಕೇಳಿಸುತ್ತದೆ. ಉತ್ತರ ಬಂದ ಕೂಡಲೇ ಅದೂ ಪಟ್ಟಿಗೆ ಸೇರುತ್ತದೆ. ಅಪ್ಪ ಒಂದು ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದರೆ, ಹಾಲಿನಲ್ಲಿ ಕ್ಯಾಮೆರಾದ ಚಿತ್ರ ರೆಕಾರ್ಡರಿಗೆ ಹೋಗುತ್ತಿದ್ದರೆ, ಒಂದು ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ.

ಇಷ್ಟೊಂದು ಕೆಲಸ ಸಾವಿರ ರೂಪಾಯಿಗೆ ಇಳಿದದ್ದು ಚಿಪ್ಪಿನ ದೆಸೆಯಿಂದ. ಮೊದಮೊದಲು ವಿಳಾಸದ ಪಟ್ಟಿಗೆ ಒಂದು, ಪೋರ್ಟಿಗೊಂದು, ಲೆಕ್ಕಾಚಾರಕ್ಕೊಂದು ಎಂದು ಹಲವು ಚಿಪ್ಪುಗಳು ಬೇಕಾಗುತ್ತಿದ್ದವು. ತೈವಾನಿನ ರಿಯಲ್‌ಟೆಕ್, ಅಮೆರಿಕದ ಬ್ರಾಡ್‌ಕಾಮ್‌ನಂಥ ಕಂಪನಿಗಳು ಅದನ್ನೆಲ್ಲ ಒಂದೇ ಚಿಪ್ಪಿನೊಳಗೆ ತಂದವು. ಇವತ್ತಿನ ಸಣ್ಣ ಸ್ವಿಚ್ಚು ಬಿಚ್ಚಿದರೆ ಕಾಣುವುದು ಒಂದು ಚಿಪ್ಪು, ಪೋರ್ಟುಗಳ ಬೆನ್ನಿಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳು, ವಿದ್ಯುತ್ತಿಗೆ ಬೇಕಾದ ನಾಲ್ಕಾರು ಬಿಡಿಭಾಗ. ಬೇರೆ ಬೇರೆ ಹೆಸರಿನ ಡಬ್ಬಿಗಳೊಳಗೆ ಒಂದೇ ಕುಲದ ಚಿಪ್ಪುಗಳು ಕೂತಿರುತ್ತವೆ. ಕೊಳ್ಳುವವರಿಗೆ ಇದು ಬಹಳ ಉಪಯೋಗದ ಮಾತು. ಟಿಪಿ-ಲಿಂಕ್, ಡಿ-ಲಿಂಕ್ ಎಂದು ಅಂಗಡಿಯವರು ಡಬ್ಬಿಗಳನ್ನು ಸಾಲಾಗಿ ಇಟ್ಟಾಗ ನೀವು ತೂಗಬೇಕಾದದ್ದು ಹೊರಕವಚ, ಅಡಾಪ್ಟರು ಮತ್ತು ವಾರಂಟಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘10 ಜಿಬಿಪಿಎಸ್ ಸಾಮರ್ಥ್ಯ’ ಎಂದಿದ್ದರೆ ಹಿಗ್ಗಬೇಡಿ. ಐದು ಪೋರ್ಟು, ಹೋಗುವುದೊಂದು ಬರುವುದೊಂದು, ತಲಾ ಒಂದು ಗಿಗಾಬಿಟ್: ಐದೆರಡಲ ಹತ್ತು. ಐದು ಪೋರ್ಟಿನ ಎಲ್ಲ ಗಿಗಾಬಿಟ್ ಸ್ವಿಚ್ಚುಗಳ ಲೆಕ್ಕವೂ ಇಷ್ಟೇ.

ಮುಂಬಯಿಯ ಮಧ್ಯಮವರ್ಗದ ಜನರನ್ನು ಇಂಟರ್ನೆಟ್ಟಿಗೆ ಜೋಡಿಸಿದ ಸ್ವಿಚ್ಚು ಮನೆಯೊಳಗಿರಲಿಲ್ಲ, ಟೆರೇಸಿನ ಮೇಲಿತ್ತು. ಸರ್ಕಾರದ ವಿದೇಶ ಸಂಚಾರ್ ನಿಗಮ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಅದು ಫೋನಿನ ತಂತಿಯಲ್ಲಿ ಕುಂಟುತ್ತ ಬರುತ್ತಿತ್ತು. 1998ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಸ್ಯಾಟಲೈಟ್ ಟಿವಿಗಾಗಿ ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಳೆದು ಪಳಗಿದ್ದ ಕೇಬಲ್‌ವಾಲಾಗಳು ಅದರ ಪಕ್ಕದಲ್ಲೇ ಕ್ಯಾಟ್-5 ತಂತಿಯನ್ನೂ ಎಳೆದರು. ಈ ತಂತಿ ನೂರು ಮೀಟರಿಗಿಂತ ಉದ್ದ ಹೋಗಬಾರದೆಂಬ ನಿಯಮವಿದೆ. ಹಾಗಾಗಿ ಅಲ್ಲಲ್ಲಿ ಒಂದು ಕಟ್ಟಡದ ಟೆರೇಸಿನ ಮೇಲೋ ಲಿಫ್ಟಿನ ಕೋಣೆಯಲ್ಲೋ ತಗಡಿನ ಪೆಟ್ಟಿಗೆ ಕೂತಿತು. ಅದರೊಳಗೆ ಎಂಟು ಪೋರ್ಟಿನ ಅಗ್ಗದ ಸ್ವಿಚ್ಚು. ಮಳೆಗಾಲದ ಮೊದಲ ಸಿಡಿಲಿಗೆ ತಾಮ್ರದ ತಂತಿಯಗುಂಟ ವಿದ್ಯುತ್ತು ನುಗ್ಗಿ ಪೋರ್ಟುಗಳು ಸುಟ್ಟರೆ ಇಡೀ ವಿಂಗಿನ ಇಂಟರ್ನೆಟ್ ಹೋಯಿತೆಂದೇ ಅರ್ಥ. ಹೊಸ ಸ್ವಿಚ್ಚು ಹೊತ್ತುಕೊಂಡು, ಕೊಡೆ ಹಿಡಿದು ಟೆರೇಸು ಹತ್ತುತ್ತಿದ್ದ ಆ ಹುಡುಗರಿಂದಲೇ ಈ ಊರಿನ ಉಪನಗರಗಳು ಇಂಟರ್ನೆಟ್ಟಿಗೆ ಒಗ್ಗಿಕೊಂಡವು. ಅವರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂದೇ ನಾನು ತಿಳಿದಿದ್ದೇನೆ.

ಆ ಕಾಲದ ಒಂದು ಜಾಣತನ ಮಾತ್ರ ಇಂದಿಗೂ ತೊಂದರೆ ಕೊಡುತ್ತದೆ. ಕ್ಯಾಟ್-5 ತಂತಿಯೊಳಗೆ ಎಂಟು ಎಳೆಗಳು. 100 ಎಂಬಿಪಿಎಸ್ ವೇಗಕ್ಕೆ ನಾಲ್ಕೇ ಎಳೆ ಸಾಕು. ಹಾಗಾಗಿ ಒಂದೇ ತಂತಿಯನ್ನು ಸೀಳಿ ನಾಲ್ಕು ಎಳೆ ಒಂದು ಕಂಪ್ಯೂಟರಿಗೆ, ನಾಲ್ಕು ಇನ್ನೊಂದಕ್ಕೆ ಎಂದು ಹಂಚುವುದಿತ್ತು. 1999ರಲ್ಲಿ ಸಿದ್ಧವಾದ ತಾಮ್ರದ ಗಿಗಾಬಿಟ್ ಮಾನದಂಡಕ್ಕೆ ಎಂಟೂ ಎಳೆ ಬೇಕು. ಹಳೆಯ ಫ್ಲ್ಯಾಟಿನ ಗೋಡೆಯೊಳಗೆ ಹೀಗೆ ಸೀಳಿದ ತಂತಿ ಇದ್ದರೆ ಎಂಥ ಸ್ವಿಚ್ಚು ತಂದರೂ ವೇಗ ನೂರಕ್ಕೆ ನಿಲ್ಲುತ್ತದೆ. ಗಿಗಾಬಿಟ್ಟಿಗೆಂದೇ ಬೇಕಾದ ಉಳಿದ ನಾಲ್ಕರಲ್ಲಿ ಒಂದು ಎಳೆ ತುಂಡಾಗಿದ್ದರೂ ಅಷ್ಟೇ.

ಸರ್ಕಾರಿ ಫೋನ್ ಕಂಪನಿ ಎಂಟಿಎನ್‌ಎಲ್ 2005ರಲ್ಲಿ ಟ್ರೈಬ್ಯಾಂಡ್ ಎಂಬ ಬ್ರಾಡ್‌ಬ್ಯಾಂಡ್ ಸೇವೆ ತಂದಿತು, ಆಮೇಲೆ ಫೈಬರ್ ಬಂತು, ವೈಫೈ ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ಜನ ತಂತಿಯನ್ನು ಮರೆತರು. ಅದನ್ನು ಮತ್ತೆ ನೆನಪಿಸಿದ್ದು ಒಂದು 2020ರ ಲಾಕ್‌ಡೌನು, ಇನ್ನೊಂದು ಕಟ್ಟಡಗಳೇ. ಘೋಡ್‌ಬಂದರ್ ರಸ್ತೆಯಿಂದ ಕಾಂದಿವಲಿಯವರೆಗೆ ಏಳುತ್ತಿರುವ ಹೊಸ ಟವರುಗಳಲ್ಲಿ ಹಲವು ಮಿವಾನ್ ಪದ್ಧತಿಯವು. ಅಲ್ಯೂಮಿನಿಯಂ ಅಚ್ಚಿಟ್ಟು ಸುರಿದ ಗೋಡೆಗಳು, ಒಳಗೆಲ್ಲ ಕಬ್ಬಿಣದ ಸರಳು ಮತ್ತು ಕಾಂಕ್ರೀಟು. ಹಾಲಿನಲ್ಲಿರುವ ರೌಟರಿನ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಒಳಕೋಣೆಗೆ ಒಂದು ತಂತಿ, ಅದರ ತುದಿಗೊಂದು ಸ್ವಿಚ್ಚು ಎಂಬುದು ಅಲ್ಲಿ ಶೋಕಿಯಲ್ಲ, ಅಗತ್ಯ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮನೆಗೆ ಸೆಟ್ಟಿಂಗಿನ ಗೋಜಿಲ್ಲದ, ‘ಅನ್‌ಮ್ಯಾನೇಜ್ಡ್’ ಎಂದು ಬರೆದಿರುವ ಗಿಗಾಬಿಟ್ ಸ್ವಿಚ್ಚು ಸಾಕು. 100 ಎಂಬಿಪಿಎಸ್ಸಿನದು ಕೆಲವು ನೂರು ರೂಪಾಯಿ ಅಗ್ಗ. ಆ ಉಳಿತಾಯಕ್ಕೆ ಆಸೆ ಪಡಬೇಡಿ, ಈಗಿನ ಫೈಬರ್ ಪ್ಲಾನುಗಳೇ ಆ ವೇಗವನ್ನು ದಾಟಿವೆ. ಐದು ಪೋರ್ಟಿನಲ್ಲಿ ಒಂದು ರೌಟರಿಗೇ ಹೋಗುತ್ತದೆ, ಉಳಿಯುವುದು ನಾಲ್ಕು. ಟಿವಿ, ಕಂಪ್ಯೂಟರು, ರೆಕಾರ್ಡರು ಎಂದು ಎಣಿಸಿದ ಮೇಲೆ ಬಿಗಿಯಾಗುತ್ತದೆ ಅನ್ನಿಸಿದರೆ ಎಂಟರದನ್ನೇ ತನ್ನಿ. ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸುವ ಪಿಒಇ ಸ್ವಿಚ್ಚು ದುಬಾರಿ; ಐಪಿ ಕ್ಯಾಮೆರಾ ಹಾಕುವವರಿಗೆ ಬಿಟ್ಟರೆ ಬೇರೆಯವರಿಗೆ ಬೇಡ. 2.5 ಗಿಗಾಬಿಟ್ಟಿನದಕ್ಕೂ ಸದ್ಯ ಆತುರವಿಲ್ಲ. ಕಚೇರಿಗಳಿಂದ ಹೊರಬಿದ್ದ 24 ಪೋರ್ಟಿನ ಹಳೆಯ ಸ್ವಿಚ್ಚುಗಳೂ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ, ಹೆಸರು ದೊಡ್ಡದು ಎಂದು ಮನಸ್ಸು ಜಾರುತ್ತದೆ. ಅದು 40 ವಾಟ್ ತಿನ್ನುವ ಜಾತಿಯದಾದರೆ ತಿಂಗಳಿಗೆ ಸುಮಾರು 29 ಯೂನಿಟ್ಟು, ಜೊತೆಗೆ ಹಗಲಿರುಳು ಫ್ಯಾನಿನ ಸದ್ದು. ಎಂಟು ಪೋರ್ಟಿನ ಹೊಸದು ಐದು ವಾಟ್ ತೆಗೆದುಕೊಂಡರೂ ನಾಲ್ಕು ಯೂನಿಟ್ಟಿನೊಳಗೆ ತಿಂಗಳು ಕಳೆಯುತ್ತದೆ.

ಸ್ವಿಚ್ಚಿನಲ್ಲಿ ಉಳಿದ ದುಡ್ಡನ್ನು ತಂತಿಗೆ ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ‘ಕ್ಯಾಟ್-6’ ಎಂಬ ಮುದ್ರೆ ಹೊತ್ತು ಅರ್ಧ ಬೆಲೆಗೂ ಸಿಗುವುದುಂಟು. ಕೊಳ್ಳುವ ಮುಂಚೆ ತುದಿಯಲ್ಲಿ ಒಂದು ಎಳೆಯ ಪ್ಲಾಸ್ಟಿಕ್ ಸುಲಿಸಿ, ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಕೆಂಪು ಹೋಗಿ ಬೆಳ್ಳಿಯಂತೆ ಬಿಳುಪು ಕಂಡರೆ ಅದು ಅಲ್ಯೂಮಿನಿಯಂ. ಅದೇ ಜಾಗದಲ್ಲಿ ಕೆಲವು ಸಲ ಹಿಂದೆ ಮುಂದೆ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ತಾಮ್ರ ಬಾಗುತ್ತ ಇನ್ನಷ್ಟು ಹೊತ್ತು ತಾಳುತ್ತದೆ. ಒಳ್ಳೆಯ ಅಂಗಡಿಯವರು ಈ ಪರೀಕ್ಷೆಗೆ ಬೇಸರಿಸುವುದಿಲ್ಲ, ಬ್ಲೇಡನ್ನು ತಾವೇ ಕೊಡುತ್ತಾರೆ.

ಜೋಡಿಸುವಾಗ ಎರಡು ಜಾಗ್ರತೆ. ಫೈಬರಿನವರು ಗೋಡೆಗೆ ಹಾಕಿ ಹೋಗುವ ಅಗ್ಗದ ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟು ಗಿಗಾಬಿಟ್ಟಿನದು, ಉಳಿದವು ನೂರರವು ಆಗಿರುವುದುಂಟು. ‘ಜಿಇ’ ಎಂದು ಬರೆದಿರುವುದಕ್ಕೆ ಸ್ವಿಚ್ಚಿನ ತಂತಿ ಸಿಕ್ಕಿಸಿ, ‘ಎಫ್‌ಇ’ಗೆ ಬೇಡ. ಆ ಪೆಟ್ಟಿಗೆಯೊಳಗೆ ರೌಟರ್ ಇಲ್ಲದಿದ್ದರೆ ನಡುವೆ ರೌಟರ್ ಬೇಕೇ ಬೇಕು, ಸ್ವಿಚ್ಚು ಅದರ ನಂತರ. ಎರಡನೆಯದು, ಒಂದೇ ತಂತಿಯ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚಬಾರದು. ಹಾಗಾದರೆ ಎಲ್ಲರಿಗೂ ಕಳಿಸಿದ ಸಂದೇಶವೊಂದು ಒಳಗೇ ಸುತ್ತುತ್ತ ನೂರಾಗಿ ಸಾವಿರವಾಗಿ ಇಡೀ ಮನೆಯ ನೆಟ್‌ವರ್ಕು ಕಟ್ಟಿಹೋಗುತ್ತದೆ. ಇದಕ್ಕೆ ಮದ್ದನ್ನು ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ 1985ರಲ್ಲೇ ಕಂಡುಹಿಡಿದರು. ಆದರೆ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದನ್ನು ಹಾಕಿರುವುದಿಲ್ಲ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗುವುದಾದರೆ ವಾರದ ದಿನವೇ ಹೋಗಿ, ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಹೊರಡುವ ಮುಂಚೆ ರೌಟರಿನಿಂದ ಒಳಕೋಣೆಯವರೆಗೆ ಗೋಡೆಯಂಚಿನಲ್ಲಿ ದಾರ ಹಿಡಿದು ಅಳೆದು, ಬಾಗಿಲ ಚೌಕಟ್ಟಿನ ಸುತ್ತು ಮತ್ತು ಮೂಲೆಗಳ ಲೆಕ್ಕಕ್ಕೆ ಎರಡು ಮೀಟರು ಹೆಚ್ಚಿಗೆ ಬರೆದುಕೊಳ್ಳಿ.