ಫೈಲಿನಲ್ಲಿ ಇಲ್ಲದ ಆ ಒಂದು ರಿಪೋರ್ಟ್

ಮದುವೆಯಾಗಿ ವರ್ಷ ತುಂಬುವುದರೊಳಗೆ ನಮ್ಮಲ್ಲಿ ವಿಚಾರಣೆ ಶುರುವಾಗುತ್ತದೆ: ‘ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?’ ಕೇಳುವುದು ಸೊಸೆಯನ್ನು, ಮಗನನ್ನು ಯಾರೂ ಕೇಳುವುದಿಲ್ಲ. ಮುಂದಿನ ಅಲೆದಾಟವೂ ಅವಳದ್ದೇ. ಅಶ್ವತ್ಥಕಟ್ಟೆ, ನಾಗಪ್ರತಿಷ್ಠೆ, ಆಮೇಲೆ ಲೇಡಿ ಡಾಕ್ಟರು. ಹೀಗೆ ಮೂರು ನಾಲ್ಕು ವರ್ಷ ಅಲೆದವಳ ಫೈಲು ಬಿಚ್ಚಿದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಎಂಎಚ್, ಸಾಲುಸಾಲು ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ, ಒಮ್ಮೊಮ್ಮೆ ಲ್ಯಾಪರೊಸ್ಕೋಪಿಯ ಡಿಸ್ಚಾರ್ಜ್ ಸಮ್ಮರಿಯೂ ಸಿಗುತ್ತದೆ. ಗಂಡನ ವೀರ್ಯ ಪರೀಕ್ಷೆಯ ಒಂದು ಹಾಳೆ ಮಾತ್ರ ಎಷ್ಟೋ ಫೈಲುಗಳಲ್ಲಿ ಇರುವುದೇ ಇಲ್ಲ.

ಇದು ನನಗೆ ಸಂಕಟದ ಸಂಗತಿ, ಸಿಟ್ಟಿನದ್ದೂ ಹೌದು. ಮಕ್ಕಳಾಗದ ಜೋಡಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಅವನ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ. ಎರಡರಿಂದ ಏಳು ದಿನದ ಸಂಯಮ ಮತ್ತು ಒಂದು ಸ್ಯಾಂಪಲ್ ಸಾಕು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ ಇವತ್ತು ಗುಟ್ಕಾ, ಸಿಗರೇಟು ಬಿಟ್ಟರೆ ಫಲ ಕಾಣುವುದು ಮೂರು ತಿಂಗಳ ಮೇಲೆ. ಮೈ ಕಟ್ಟಲು ಜಿಮ್ಮಿನಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಹುಡುಗರು ಇದನ್ನು ತಿಳಿದಿರಬೇಕು: ಆ ಇಂಜೆಕ್ಷನ್ನಿನಿಂದ ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು.

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ವೈದ್ಯರನ್ನು ಕಾಣಬೇಕು. ಹೆಂಗಸಿಗೆ 35 ದಾಟಿದ್ದರೆ ಆರೇ ತಿಂಗಳು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ ಅಷ್ಟೂ ಕಾಯಬೇಕಿಲ್ಲ. ಹರಕೆ ಹೊತ್ತುಕೊಳ್ಳಿ, ಬೇಡವೆನ್ನುವವಳು ನಾನಲ್ಲ. ಆದರೆ ಹರಕೆ ತೀರಿದ ಮೇಲೆ ನೋಡೋಣ ಎಂದು ಪರೀಕ್ಷೆ ಮುಂದೂಡಬೇಡಿ. ಮೈನೆರೆಯುವಾಗ ಮೂರ್ನಾಲ್ಕು ಲಕ್ಷದಷ್ಟಿರುವ ಅಂಡಾಣುಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತವೆ, ಹೊಸದಾಗಿ ಹುಟ್ಟುವುದಿಲ್ಲ.

ದಿನದ ಲೆಕ್ಕದಲ್ಲೂ ಬಹಳ ಜನ ತಪ್ಪುತ್ತಾರೆ. ಹದಿನಾಲ್ಕನೇ ದಿನ ಅಂಡಾಣು ಬಿಡುಗಡೆಯಾಗುತ್ತದೆ ಎನ್ನುವುದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅದು ನಡೆಯುವುದರಿಂದ, 35 ದಿನದ ಚಕ್ರದವಳಿಗೆ 21ನೇ ದಿನದ ಆಸುಪಾಸು. ಅಂಡಾಣುವಿನ ಆಯುಸ್ಸು ಒಂದೇ ದಿನ, ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಅಂಡೋತ್ಪತ್ತಿಯ ದಿನಕ್ಕಿಂತ ಅದರ ಹಿಂದಿನ ದಿನಗಳೇ ಮುಖ್ಯ.

ಹಾರ್ಮೋನಿನ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ಪಿಸಿಒಡಿ ಇದ್ದವರಲ್ಲಿ ಅನೇಕರಿಗೆ ದೊಡ್ಡ ಚಿಕಿತ್ಸೆ ಬೇಕಾಗುವುದಿಲ್ಲ. ತೂಕ ಹೆಚ್ಚಿದ್ದವರು ಅದರ ಶೇ 5ರಷ್ಟು ಇಳಿಸಿಕೊಂಡರೂ ಮುಟ್ಟು ಹಳಿಗೆ ಬರುವುದುಂಟು. ಆಮೇಲೆ ಲೆಟ್ರೊಜೋಲ್ ಮಾತ್ರೆ. ಅದು ಸ್ತನ ಕ್ಯಾನ್ಸರಿನ ಔಷಧ ಎಂದು ಫೋನಿನಲ್ಲಿ ಓದಿ ಹೆದರಿ ಬಿಟ್ಟುಬಿಡಬೇಡಿ. ಬಂಜೆತನದ ಚಿಕಿತ್ಸೆಗೆ ಅದರ ಬಳಕೆಯನ್ನು 2011ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತ್ತು, 2017ರಲ್ಲಿ ನಿಷೇಧ ತೆರವಾಯಿತು. ಪಿಸಿಒಡಿಯಲ್ಲಿ ಅಂಡೋತ್ಪತ್ತಿಗೆ ಇವತ್ತು ಅದೇ ಮೊದಲ ಆಯ್ಕೆ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕ್ಷಯ. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ಅದು ಗರ್ಭನಾಳದಲ್ಲಿ ಸದ್ದಿಲ್ಲದೆ ಕೂತಿರಬಹುದು. ಟ್ಯೂಬ್ ಟೆಸ್ಟ್ ಮಾಡಿಸಿದಾಗಲೇ ಎರಡೂ ಕಡೆ ಮುಚ್ಚಿರುವುದು ಗೊತ್ತಾಗುತ್ತದೆ. ಆರು ತಿಂಗಳ ಮಾತ್ರೆಯಿಂದ ರೋಗ ಗುಣವಾದರೂ ಕಲೆಗಟ್ಟಿದ ನಾಳ ಮತ್ತೆ ತೆರೆಯುವ ಭರವಸೆ ಇಲ್ಲ. ವೀರ್ಯವನ್ನು ಶುದ್ಧೀಕರಿಸಿ ಗರ್ಭಕೋಶಕ್ಕೆ ಬಿಡುವ ಐಯುಐಗೆ ಒಂದು ನಾಳವಾದರೂ ತೆರೆದಿರಬೇಕು. ಎರಡೂ ಮುಚ್ಚಿದ್ದರೆ ಐಯುಐಗೆ ಸುರಿದ ದುಡ್ಡು ನೀರುಪಾಲು. ನೇರವಾಗಿ ಐವಿಎಫ್ ಮಾತಾಡಬೇಕು.

ಐವಿಎಫ್ ಎಂದರೆ ಹತ್ತು ಹನ್ನೆರಡು ದಿನ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್, ನಡುನಡುವೆ ಸ್ಕ್ಯಾನಿಂಗ್. ಅಂಡಾಣು ಬಲಿತ ಮೇಲೆ ಕೊನೆಯದೊಂದು ‘ಟ್ರಿಗರ್’ ಸೂಜಿ. ರಾತ್ರಿ ಹತ್ತೂವರೆಗೆ ಎಂದರೆ ಹತ್ತೂವರೆಗೇ ಹಾಕಿಸಿಕೊಳ್ಳಬೇಕು, ಏಕೆಂದರೆ ಅದಾಗಿ ಸುಮಾರು 36 ಗಂಟೆಗೆ ಅಂಡಾಣು ಹೊರತೆಗೆಯುತ್ತಾರೆ. ಲ್ಯಾಬಿನಲ್ಲಿ ವೀರ್ಯಾಣುವಿನೊಂದಿಗೆ ಸೇರಿಸಿ ಬೆಳೆಸಿದ ಭ್ರೂಣವನ್ನು ಮೂರನೇ ಅಥವಾ ಐದನೇ ದಿನ ಗರ್ಭಕೋಶಕ್ಕೆ ಸೇರಿಸುತ್ತಾರೆ. ಪಿಸಿಒಡಿ ಇದ್ದವರ ಅಂಡಾಶಯ ಇಂಜೆಕ್ಷನ್ನಿಗೆ ಅತಿಯಾಗಿ ಊದಿಕೊಳ್ಳುವ ಅಪಾಯವಿರುವುದರಿಂದ ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಮುಂದಿನ ತಿಂಗಳು ಹಾಕುವುದೂ ಇದೆ.

ಈ ಕೊನೆಯ ಉಪಾಯವನ್ನು 1978ರಲ್ಲೇ ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಮಾಡಿ ತೋರಿಸಿದ್ದರು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ ಎರಡೇ ತಿಂಗಳಿಗೆ, ಅಕ್ಟೋಬರ್ 3ರಂದು, ಅವರ ಪ್ರಯತ್ನದಿಂದ ಹೆಣ್ಣುಮಗು ಹುಟ್ಟಿತು. ಸರ್ಕಾರಿ ಸಮಿತಿ ನಂಬಲಿಲ್ಲ. ನೊಂದ ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಜೊತೆ ಕೆಲಸ ಮಾಡಿ ‘ಭಾರತದ ಮೊದಲ ಪ್ರನಾಳ ಶಿಶು’ವಿನ ಕೀರ್ತಿ ಪಡೆದಿದ್ದ ಟಿ.ಸಿ. ಆನಂದ ಕುಮಾರ್, ಮುಖರ್ಜಿಯವರ ಟಿಪ್ಪಣಿಗಳನ್ನು ಓದಿದ ಮೇಲೆ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ 1997ರಲ್ಲಿ ಬರೆದರು: ಮೊದಲಿಗರು ಮುಖರ್ಜಿಯೇ. ತನ್ನ ಹೆಸರಿಗಿದ್ದ ಹಿರಿಮೆಯನ್ನು ಹೀಗೆ ಕೈಯಾರೆ ಬಿಟ್ಟುಕೊಟ್ಟವರು ವಿಜ್ಞಾನದಲ್ಲೂ ಅಪರೂಪ.

ಈಗ ಊರೂರಿನಲ್ಲೂ ಐವಿಎಫ್ ಕೇಂದ್ರಗಳ ಫಲಕಗಳಿವೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆ ಪ್ರಕಾರ ಪ್ರತಿ ಕೇಂದ್ರವೂ ನೋಂದಣಿ ಆಗಿರಬೇಕು. ಚಿಕಿತ್ಸೆಗೆ ಹೆಂಗಸಿಗೆ 50, ಗಂಡಸಿಗೆ 55ರ ವಯೋಮಿತಿಯಿದೆ. ದುಡ್ಡು ಕಟ್ಟುವ ಮೊದಲು ಕೇಳಿ: ನೀವು ಹೇಳುವ ಯಶಸ್ಸು ಟೆಸ್ಟ್ ಪಾಸಿಟಿವ್ ಬಂದವರದ್ದೋ, ಮಗು ಮನೆಗೊಯ್ದವರದ್ದೋ? ನನ್ನ ವಯಸ್ಸಿನವರಲ್ಲಿ ಎಷ್ಟು? ಪ್ಯಾಕೇಜಿನಲ್ಲಿ ಇಂಜೆಕ್ಷನ್ ಸೇರಿದೆಯೋ? ವಯಸ್ಸು 43 ದಾಟಿದರೆ ಸ್ವಂತ ಅಂಡಾಣುವಿನಿಂದ ಫಲಿಸುವ ಸಾಧ್ಯತೆ ಶೇ 10ಕ್ಕಿಂತ ಕೆಳಗೆ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವವರಿಂದ ದೂರವಿರಿ.

ಚಿಕಿತ್ಸೆಯನ್ನು ಎಷ್ಟು ಸುತ್ತಿನ ನಂತರ ನಿಲ್ಲಿಸುವುದು ಎಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು, ಸಾಲ ಮಾಡುವುದಕ್ಕೆ ಮುಂಚೆಯೇ. ದತ್ತು ಪಡೆಯುವ ಯೋಚನೆಯಿದ್ದರೆ ಅಲ್ಲೂ ವಯಸ್ಸಿನ ಲೆಕ್ಕವಿದೆ: ಎರಡು ವರ್ಷದೊಳಗಿನ ಮಗು ಬೇಕೆಂದರೆ ದಂಪತಿ ಇಬ್ಬರ ವಯಸ್ಸು ಕೂಡಿಸಿ 85 ಮೀರಿರಬಾರದು. ನೋಂದಾಯಿಸಿದ ಮೇಲೆ ಸರದಿಗಾಗಿ ಕಾಯಬೇಕಾದ್ದರಿಂದ ಚಿಕಿತ್ಸೆ ಪೂರ್ತಿ ಮುಗಿಯಲಿ ಎಂದು ಕೂರದೆ ಆ ವಿಚಾರವನ್ನೂ ಈಗಲೇ ಮಾತಾಡಿಕೊಳ್ಳಿ.