ಮೂಳೆಗೆ ಭಾರ ತಿಳಿಯುವ ಬಗೆ

ವೃತ್ತಿಪರ ಟೆನಿಸ್ ಆಟಗಾರರ ಎರಡೂ ತೋಳುಗಳ ಎಕ್ಸ್-ರೇ ಹೋಲಿಸಿದ ಅಧ್ಯಯನವೊಂದು 1977ರಲ್ಲಿ ಪ್ರಕಟವಾಯಿತು. ರಾಕೆಟ್ ಹಿಡಿಯುವ ತೋಳಿನ ಮೂಳೆಯ ಗಟ್ಟಿ ಹೊರಪದರ ಇನ್ನೊಂದು ತೋಳಿನದಕ್ಕಿಂತ ಪುರುಷರಲ್ಲಿ ಸುಮಾರು ಶೇ. 35ರಷ್ಟು, ಮಹಿಳೆಯರಲ್ಲಿ ಶೇ. 28ರಷ್ಟು ದಪ್ಪವಾಗಿತ್ತು. ಎರಡೂ ತೋಳಿಗೆ ಹರಿಯುವ ರಕ್ತ ಒಂದೇ, ಉಂಡ ಊಟವೂ ಒಂದೇ. ಬೇರೆಯಾಗಿದ್ದದ್ದು ಮೂಳೆಯ ಮೇಲೆ ಬಿದ್ದ ಬಲ.

ಬಾಹ್ಯಾಕಾಶದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ತೇಲುತ್ತಲೇ ಬದುಕುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ.

ಹೊರುವ ಭಾರಕ್ಕೆ ತಕ್ಕಂತೆ ಮೂಳೆ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಆದರೆ ಭಾರ ಎಷ್ಟಿದೆಯೆಂದು ಮೂಳೆಗೆ ಹೇಳುವವರು ಯಾರು?

ಆ ಕೆಲಸ ಆಸ್ಟಿಯೋಸೈಟ್ ಎಂಬ ಕೋಶಗಳದು. ವಯಸ್ಕರ ಮೂಳೆಯಲ್ಲಿರುವ ಕೋಶಗಳಲ್ಲಿ ಶೇ. 90ಕ್ಕೂ ಹೆಚ್ಚು ಇವೇ. ಗಟ್ಟಿ ಮೂಳೆಯೊಳಗೆ ಹುದುಗಿರುವ ಈ ಕೋಶಗಳು ಕೂದಲಿಗಿಂತ ಎಷ್ಟೋ ಸಣ್ಣ ಕಾಲುವೆಗಳ ಮೂಲಕ ಎಳೆಗಳನ್ನು ಚಾಚಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ನಾವು ಹೆಜ್ಜೆ ಊರಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ನೆನೆದ ಬಟ್ಟೆ ಹಿಂಡಿದಂತೆ ಕಾಲುವೆಗಳಲ್ಲಿನ ದ್ರವ ಸರಿದಾಡುತ್ತದೆ. ಆ ಹರಿವು ಕೋಶದ ಪೊರೆಯನ್ನು ಎಳೆಯುತ್ತದೆ.

ಪೊರೆಯಲ್ಲಿ ಪೀಜೋ-1 ಎಂಬ ಪ್ರೋಟೀನ್ ಇದೆ. ಅದಕ್ಕೆ ಮೂರು ರೆಕ್ಕೆ, ನಡುವೆ ಒಂದು ರಂಧ್ರ. ಪೊರೆ ಬಿಗಿಯಾದಾಗ ಬಾಗಿದ ರೆಕ್ಕೆಗಳು ಚಪ್ಪಟೆಯಾಗಿ ರಂಧ್ರ ತೆರೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಅಯಾನುಗಳು ಒಳಕ್ಕೆ ನುಗ್ಗುತ್ತವೆ. ಅಲ್ಲಿಗೆ ಒತ್ತಡವು ಕೋಶಕ್ಕೆ ಅರ್ಥವಾಗುವ ಸಂಕೇತವಾಯಿತು. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಆರ್ಡೆಮ್ ಪಟಪೂಟಿಯನ್ ತಂಡ ಈ ಪ್ರೋಟೀನನ್ನು 2010ರಲ್ಲಿ ಪತ್ತೆ ಮಾಡಿತು. ಸಂಶಯವಿದ್ದ 72 ಜೀನ್‌ಗಳ ಪಟ್ಟಿ ಮಾಡಿ, ಒಂದೊಂದನ್ನೇ ಅಡಗಿಸಿ, ಕೋಶವನ್ನು ಸೂಕ್ಷ್ಮ ಗಾಜಿನ ಕೊಳವೆಯಿಂದ ಚುಚ್ಚಿ ನೋಡುತ್ತ ಹೋದರು. ಕೊನೆಗೆ ಒಂದು ಜೀನ್ ಅಡಗಿದಾಗ ಕೋಶ ಚುಚ್ಚಿದರೂ ಪ್ರತಿಕ್ರಿಯಿಸಲಿಲ್ಲ. 2021ರ ವೈದ್ಯಕೀಯ ನೊಬೆಲ್ ಪಟಪೂಟಿಯನ್‌ಗೂ ಇನ್ನೊಬ್ಬ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೂ ಸಂದಿತು. ಮೂಳೆಯ ಕೋಶಗಳಲ್ಲಿ ಪೀಜೋ-1 ಇಲ್ಲದಂತೆ ಮಾಡಿದ ಇಲಿಗಳ ಮೂಳೆ ತೆಳುವಾಗಿ, ದುರ್ಬಲವಾಗಿ ಬೆಳೆಯುತ್ತದೆ.

ಸಂಕೇತ ಸಿಕ್ಕ ಆಸ್ಟಿಯೋಸೈಟ್ ತಾನೇ ಮೂಳೆ ಕಟ್ಟುವುದಿಲ್ಲ. ಕಟ್ಟುವ ಕೋಶಗಳಿಗೆ ಹಾಕಿದ ಕಡಿವಾಣವನ್ನು ಸಡಿಲಿಸುತ್ತದೆ. ಆ ಕಡಿವಾಣದ ಹೆಸರು ಸ್ಕ್ಲೆರೋಸ್ಟಿನ್. ಭಾರ ಬಿದ್ದಲ್ಲಿ ಅದರ ಉತ್ಪಾದನೆ ಕುಗ್ಗುತ್ತದೆ, ಭಾರವಿಲ್ಲದಲ್ಲಿ ಏರುತ್ತದೆ. ದಕ್ಷಿಣ ಆಫ್ರಿಕಾದ ಕೆಲವು ಆಫ್ರಿಕಾನರ್ ಕುಟುಂಬಗಳಲ್ಲಿ ಜೀನ್ ದೋಷದಿಂದ ಸ್ಕ್ಲೆರೋಸ್ಟಿನ್ ತಯಾರಾಗುವುದೇ ಇಲ್ಲ. ಅಂಥವರ ಮೂಳೆ ವಿಪರೀತ ದಪ್ಪ. ತಲೆಬುರುಡೆ ಬೆಳೆದು ನರಗಳನ್ನು ಅಮುಕಿ ಕಿವುಡು ಬರುವುದೂ ಉಂಟು. ಈ ಕುಟುಂಬಗಳಿಂದ ಸಿಕ್ಕ ಸುಳಿವೇ ಔಷಧಕ್ಕೆ ದಾರಿಯಾಯಿತು. ಸ್ಕ್ಲೆರೋಸ್ಟಿನ್ ತಡೆಯುವ ರೋಮೊಸೊಜುಮ್ಯಾಬ್ ಚುಚ್ಚುಮದ್ದಿಗೆ, ಮುಟ್ಟು ನಿಂತ ಮಹಿಳೆಯರ ತೀವ್ರ ಮೂಳೆ ಸವೆತಕ್ಕಾಗಿ, ಅಮೆರಿಕ 2019ರಲ್ಲಿ ಅನುಮತಿ ನೀಡಿತು.

ಔಷಧದ ಮಾತು ಬಿಟ್ಟರೆ, ನಿತ್ಯದ ಬದುಕಿನಲ್ಲಿ ಮೂಳೆಗೆ ಬೇಕಿರುವುದು ಭಾರ. ಈಜು, ಸೈಕಲ್ ಸವಾರಿ ಹೃದಯಕ್ಕೆ ಒಳ್ಳೆಯವು. ಆದರೆ ಅವುಗಳಲ್ಲಿ ಮೂಳೆಯ ಮೇಲೆ ಮೈಭಾರ ಬೀಳುವುದು ಕಡಿಮೆ. ಕ್ಯಾಲ್ಸಿಯಂ ಮಾತ್ರೆ ಮೂಳೆಗೆ ಸಾಮಗ್ರಿ ಒದಗಿಸೀತು, ಕಟ್ಟುವ ಆದೇಶ ಕೊಡಲಾರದು. ನಡೆಯಿರಿ, ಮೆಟ್ಟಿಲು ಹತ್ತಿ; ವಯಸ್ಸಾದವರು ವೈದ್ಯರನ್ನು ಕೇಳಿಕೊಂಡು ತಮ್ಮ ಶಕ್ತಿಗೆ ತಕ್ಕಷ್ಟು ಭಾರ ಎತ್ತುವ ವ್ಯಾಯಾಮವನ್ನೂ ಮಾಡಿ.